ಬಾಯಿ ತೆರೆಸಿ ಹೇಳುವ ಅಭಿಪ್ರಾಯಗಳು

ನನ್ನ ಅಕ್ಕ ಮನುಷ್ಯರನ್ನು ಮುಖದಿಂದ ಗುರುತಿಸುವುದಿಲ್ಲ, ಹಲ್ಲಿನಿಂದ ಗುರುತಿಸುತ್ತಾಳೆ. ದಾರಿಯಲ್ಲಿ ಎದುರಾದವರು ನಿಂತು ಕುಶಲ ವಿಚಾರಿಸಿ, ತಾವು ಯಾರ ಮಕ್ಕಳು, ಯಾರ ಮೊಮ್ಮಕ್ಕಳು ಎಂದು ವಂಶವೃಕ್ಷವನ್ನೇ ಬಿಡಿಸಿಟ್ಟರೂ ಅವಳ ಕಣ್ಣುಗಳಲ್ಲಿ ಅದೇ ಸೌಜನ್ಯಪೂರ್ಣವಾದ ಶೂನ್ಯಭಾವ; ಅವರು ಒಮ್ಮೆ ಬಾಯಿ ತುಂಬ ನಕ್ಕರೆ ಸಾಕು, "ಓ, ನೀವಾ? ಕೆಳಗಡೆ, ಎಡಗಡೆ, ಕೊನೇ ದವಡೆ" ಎಂದು ಮುಖ ಅರಳಿಸುತ್ತಾಳೆ. ತುಟಿ ಬಿಚ್ಚದೆ ನಗುವ ಸಂಕೋಚದ ಜೀವಿಗಳು ಎಷ್ಟು ವರ್ಷವಾದರೂ ಅವಳ ಪಾಲಿಗೆ ಅಪರಿಚಿತರೇ. ಚಿಕಿತ್ಸಾಲಯದಲ್ಲೂ ಅದೇ ಕ್ರಮ: ಮೊದಲು ಹಲ್ಲು, ಆಮೇಲೆ ಹೆಸರು. ನೋವಿನಿಂದ ಕೆನ್ನೆ ಹಿಡಿದುಕೊಂಡು ಬಂದವನ ಹತ್ತಿರ ಊರುಕೇರಿ ವಿಚಾರಿಸುತ್ತ ಕೂರುವುದು ಕ್ರೌರ್ಯ ಎಂಬುದು ಅವಳ ಸಿದ್ಧಾಂತ.

ಬೀಗದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಅವಳ ಎರಡು ಕೋಣೆಗಳ ದಂತ ಚಿಕಿತ್ಸಾಲಯ. ಇಷ್ಟು ವರ್ಷ ಪರರ ಬಾಯಿಯೊಳಗೆ ಬಗ್ಗಿ ಇಣುಕಿದ ಫಲವಾಗಿ ಅವಳ ಬಲಭುಜ ಶಾಶ್ವತವಾಗಿ ಮುಂದಕ್ಕೆ ವಾಲಿದೆ. ವಿಶಾಲವಾದ ರಸ್ತೆಯಲ್ಲೂ ಗಿಡ್ಡ ಬಾಗಿಲಿನೊಳಗೆ ನುಸುಳುವವಳ ಹಾಗೆ ನಡೆಯುತ್ತಾಳೆ. ಬುಧವಾರ ಮಧ್ಯಾಹ್ನ ಚಿಕಿತ್ಸಾಲಯಕ್ಕೆ ರಜೆ. ಅಂದು ಬಿಳಿ ಕೋಟನ್ನು ಗೂಟಕ್ಕೆ ತೂಗುಹಾಕಿ, ಭಾವನ ಕಂದುಬಣ್ಣದ ಉಣ್ಣೆಯ ಕೋಟನ್ನು ತೊಟ್ಟು ಸಿನಿಮಾಕ್ಕೆ ಹೊರಡುತ್ತಾಳೆ. ಚಿತ್ರಮಂದಿರದ ಚಳಿಗೆಂದು ಒಂದು ದಿನದ ಮಟ್ಟಿಗೆ ಕೇಳಿ ಪಡೆದ ಕೋಟು ಅದು. ವಾಪಸು ಕೇಳಿ ಕೇಳಿ ಸುಸ್ತಾದ ಭಾವ ಕಡೆಗೆ ಬೇರೆಯದನ್ನೇ ಹೊಲಿಸಿಕೊಂಡರು.

ಇಂಥದೇ ಸಿನಿಮಾ ಬೇಕೆಂಬ ಭೇದ ಅವಳಿಗಿಲ್ಲ. ಆ ವಾರ ಯಾವುದು ನಡೆಯುತ್ತಿದೆಯೋ ಅದು. ನಿವೃತ್ತನಾದಂದಿನಿಂದ ಪಕ್ಕದ ಕುರ್ಚಿ ನನ್ನದು. ಚಿತ್ರ ನಡೆಯುವಾಗ ಅವಳು ತುಟಿಪಿಟಕ್ಕೆನ್ನುವುದಿಲ್ಲ. ಮನೆಗೆ ನಡೆದು ಬರುವಾಗ ನಾನಾಗಿ ಕೇಳಿದರೂ "ನಾಳೆ, ನಾಳೆ" ಎನ್ನುತ್ತಾಳೆ. ಅಭಿಪ್ರಾಯವೆಲ್ಲ ಗುರುವಾರ ಬೆಳಿಗ್ಗೆಗೆ ಮೀಸಲು. ಮೊದಲ ರೋಗಿ ಕುರ್ಚಿಯಲ್ಲಿ ಮಲಗಿ, ಬಾಯಿ ತೆರೆದು, ಒಳಗೆ ಕನ್ನಡಿ, ಕೊಕ್ಕೆ, ಉಗುಳೆಳೆಯುವ ಕೊಳವೆ ಎಲ್ಲ ಸ್ಥಾಪಿತವಾಗಿ, ಇನ್ನು ಅವನು ಏನೂ ಹೇಳಲಾರ ಎಂಬುದು ಖಚಿತವಾದ ಮೇಲೆಯೇ ಅವಳ ವಿಮರ್ಶೆ ಆರಂಭವಾಗುತ್ತದೆ. ಅದು ಮುಂದಿನ ಬುಧವಾರದವರೆಗೂ ಎಲ್ಲ ರೋಗಿಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಹೊರಕೋಣೆಯಲ್ಲಿ ಪತ್ರಿಕೆ ಓದುವ ನೆಪದಲ್ಲಿ ಕೂತು ನಾನು ಅದನ್ನೆಲ್ಲ ಕಿವಿತುಂಬ ಕೇಳಿದ್ದೇನೆ.

"ಯುದ್ಧದ್ದು ಒಂದು ನೋಡಿದೆ. ರಾಜ ಕಾಡು ಪಾಲಾಗಿದಾನೆ, ಗಡ್ಡ ಬಂದಿದೆ, ಬಟ್ಟೆ ಹರಿದಿದೆ. ಹಲ್ಲು ಮಾತ್ರ ನಿನ್ನೆ ತಾನೇ ಕ್ಲೀನ್ ಮಾಡಿಸಿದ ಹಾಗಿದೆ. ಆಮೇಲೆ ಅವನು ಎಷ್ಟು ಅತ್ತರೂ ನಂಗೆ ನಂಬಿಕೆ ಬರ್ಲಿಲ್ಲ."

ಪ್ರೇಮಕಥೆಗಳ ವಿಷಯದಲ್ಲಿ ಅವಳು ಉದಾರಿ. "ಹುಡುಗ ಹುಡುಗಿ ಇಬ್ರೂ ಒಳ್ಳೇವ್ರೇ. ಒಂದು ಫೋನ್ ಮಾಡಿದ್ದಿದ್ರೆ ಇಂಟರ್ವಲ್‌ಗೆ ಮುಂಚೆ ಮುಗೀತಿತ್ತು, ಅಷ್ಟೇ." ಪತ್ತೇದಾರಿ ಚಿತ್ರವೊಂದರಲ್ಲಿ ಕೊಲೆಗಾರನನ್ನು ಆರಂಭದಲ್ಲೇ ಹಿಡಿದುಬಿಟ್ಟಿದ್ದಳಂತೆ, ಇಡೀ ಮನೆಯಲ್ಲಿ ತುಟಿ ಮುಚ್ಚಿ ನಗುತ್ತಿದ್ದವನು ಅವನೊಬ್ಬನೇ ಎಂಬುದು ಪುರಾವೆ. ಆಕಾಶನೌಕೆಯ ಚಿತ್ರ ಅವಳಿಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, "ಆದ್ರೆ ಅವನು ಕಿಟಕಿಯಿಂದ ಭೂಮಿ ನೋಡ್ತಾನಲ್ಲ, ಅಲ್ಲಿ ನಂಗೂ ಮನೆಗೆ ಹೋಗ್ಬೇಕು ಅನ್ನಿಸ್ತು" ಎಂದಳು. ಮಕ್ಕಳಿಗೆಂದು ಮಾಡಿದ ಕರಡಿಯ ಕಾರ್ಟೂನು ನೋಡಿ ಅತ್ತವಳೂ ಅವಳೇ. ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನು ಪಕ್ಕದಿಂದ ಕಂಡಿದ್ದೇನೆ.

ವಿಮರ್ಶೆಗೆ ಅವಳದೇ ಒಂದು ಪರಿಭಾಷೆಯಿದೆ. ನೋಡಿ ಮರೆಯುವಂಥ ಚಿತ್ರವಾದರೆ "ಒಂದು ಸಲ ಬಾಯಿ ಮುಕ್ಕಳಿಸಿದ್ರೆ ಹೋಗತ್ತೆ". ಅತಿಯಾಯಿತು ಎನ್ನಿಸಿದರೆ "ಸ್ವಲ್ಪ ಎತ್ತರ ಇದೆ, ಉಜ್ಜಬೇಕಿತ್ತು". ಹಲ್ಲಿನ ಹುಳುಕು ತುಂಬಿದ ಮೇಲೆ ಕಚ್ಚುವಾಗ ಎತ್ತರ ತಾಗಿದರೆ ಅವಳು ಉಜ್ಜಿ ಸಮಮಾಡುವ ಹಾಗೆ. ಅವಳ ಪರಮೋಚ್ಚ ಪ್ರಶಂಸೆ ಎಂದರೆ "ತುಂಬಿದ್ದೇ ಗೊತ್ತಾಗಲ್ಲ". ಅದು ವರ್ಷಕ್ಕೊಮ್ಮೆ ಬಾಯಿಂದ ಹೊರಬಿದ್ದರೆ ಹೆಚ್ಚು. ಯಾವ ಚಿತ್ರವನ್ನೂ ಕೆಟ್ಟದ್ದೆಂದು ಅವಳು ಜರೆದದ್ದಿಲ್ಲ. "ನಂಗೆ ಹಿಡಿಸಲಿಲ್ಲ" ಎಂಬಲ್ಲಿಗೆ ಅವಳ ಕಟುತ್ವದ ಸೀಮೆ ಮುಗಿಯುತ್ತದೆ.

ನಿವೃತ್ತ ನ್ಯಾಯಾಧೀಶರೊಬ್ಬರು ಆ ಯುದ್ಧಚಿತ್ರದ ಪರವಾಗಿ ಆಕ್ಷೇಪಣೆ ಸಲ್ಲಿಸಲು ಕುರ್ಚಿಯಲ್ಲಿ ಮಲಗಿದ್ದಂತೆಯೇ ತೋರುಬೆರಳು ಮೇಲೆತ್ತಿದರು. ಅಕ್ಕ ಅದನ್ನು ನೋವೆಂದು ಭಾವಿಸಿ ಇನ್ನೊಂದು ಚುಚ್ಚುಮದ್ದು ಕೊಟ್ಟಳು. ಅಂದು ಸಂಜೆಯವರೆಗೂ ಅವರ ಅರ್ಧ ಮುಖಕ್ಕೆ ಜೀವವಿರಲಿಲ್ಲವಂತೆ. ಅಂದಿನಿಂದ ಅವರು ಕುರ್ಚಿ ಏರುವ ಮುನ್ನವೇ, ನಿಂತುಕೊಂಡೇ, ತಮ್ಮ ವಾದವನ್ನು ಮಂಡಿಸಿ ಮುಗಿಸುತ್ತಾರೆ.

ಮನೆಯವರಿಗೂ ರಿಯಾಯಿತಿಯಿಲ್ಲ. ಅವಳ ಮಗಳು ಶಾಲೆಯ ನಾಟಕವೊಂದರಲ್ಲಿ ಮರವಾಗಿ ನಿಂತಿದ್ದಳು. ಮುಗಿದ ಮೇಲೆ ಓಡಿಬಂದು "ಹೇಗಿತ್ತಮ್ಮ?" ಎಂದಾಗ ಅಕ್ಕ ಹೇಳಿದ್ದು: "ಮರ ಚೆನ್ನಾಗಿತ್ತು. ಆದ್ರೆ ಮರ ಅಮ್ಮ ಬಂದಿದಾಳಾ ಅಂತ ನೋಡ್ತಾನೇ ಇತ್ತು." ಕೂಸು ಮುಖ ಊದಿಸಿಕೊಂಡು ಅಂದು ಊಟ ಬಿಟ್ಟಿತು. ಮರುವರ್ಷ ಅದೇ ಕೂಸು ಬಂಡೆಯಾಗಿ ನಿಂತಾಗ ರೆಪ್ಪೆ ಕೂಡ ಅಲುಗಲಿಲ್ಲ. ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ಆ ಚಪ್ಪಾಳೆಯನ್ನು ಹುಡುಗಿ ಇಂದಿಗೂ ಮರೆತಿಲ್ಲ.

ಆ ಹುಡುಗಿ ಬೆಳೆದು, ಕಟ್ಟಡಗಳ ನಕ್ಷೆ ಬರೆಯುವವಳಾಗಿ, ಒಬ್ಬನನ್ನು ಮೆಚ್ಚಿಕೊಂಡಳು. ಅವನು ಸಿನಿಮಾ ಸಂಕಲನಕಾರ. ಚಿತ್ರೀಕರಿಸಿ ತಂದ ರಾಶಿಯಲ್ಲಿ ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಕೆಲಸ. ಅವನ ಮೊದಲ ಚಿತ್ರ, ದೆವ್ವದ ಕಥೆ, ಬಿಡುಗಡೆಯಾಗಿ ಮಕಾಡೆ ಮಲಗಿತ್ತು. ಕಂಡುಕೇಳದವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು ಬರೆಯುತ್ತಿದ್ದರು. ಸ್ನೇಹಿತರು ಅದ್ಭುತ, ಅಮೋಘ ಎಂದು ಬೆನ್ನು ತಟ್ಟಿ ಬೇಗನೆ ಜಾಗ ಖಾಲಿ ಮಾಡುತ್ತಿದ್ದರು. ಎರಡನ್ನೂ ಅವನು ನಂಬಲಾರದವನಾಗಿದ್ದ. ಕತ್ತರಿ ಹಿಡಿಯುವ ಕೆಲಸವನ್ನೇ ಬಿಡುತ್ತೇನೆ, ಸದ್ಯಕ್ಕೆ ಮದುವೆಯ ಮಾತೂ ಬೇಡ ಎನ್ನತೊಡಗಿದ್ದ.

ಇದನ್ನೆಲ್ಲ ಅವಳು ನನಗೆ ಹೇಳಿ, "ಮಾವ, ಅಮ್ಮ ಹೋದ ಬುಧವಾರ ಅದೇ ಸಿನಿಮಾ ನೋಡಿದಾಳೆ. ಮುಂದಿನ ವಾರ ಅವನನ್ನ ಮನೆಗೆ ಕರ್ಕೊಂಡು ಬರ್ತೀನಿ. ಅಮ್ಮನ ಹತ್ರ ಒಂದೇ ಒಂದು ಒಳ್ಳೇ ಮಾತು ಆಡ್ಸು. ಇನ್ನೊಂದು ಪೆಟ್ಟು ಅವನು ತಡ್ಕೊಳಲ್ಲ" ಎಂದಳು.

ನಾನು ಅಕ್ಕನಲ್ಲಿ ಪ್ರಸ್ತಾಪಿಸಿದೆ. ಅವಳು ಕರಾರು ಹಾಕಿದಳು: "ಅವನ ಮುಂದೆ ಸಿನಿಮಾ ಸುದ್ದಿನೇ ಎತ್ತಲ್ಲ. ಅಷ್ಟು ಬೇಕಾದ್ರೆ ಮಾಡ್ತೀನಿ. ಸುಳ್ಳು ಹೇಳು ಅಂದ್ರೆ ಮಾತ್ರ ಆಗಲ್ಲ ಕಣೋ." ಅವನ ಭಾವಚಿತ್ರವನ್ನು ಮಗಳು ಅವಳಿಗೆ ತೋರಿಸಿದ್ದಳು. ದುರದೃಷ್ಟವಶಾತ್ ಅದರಲ್ಲಿ ಅವನು ತುಟಿ ಮುಚ್ಚಿ ನಗುತ್ತಿದ್ದ.

ಮರುದಿನ ಬುಧವಾರ. ಚಿಕಿತ್ಸಾಲಯ ಮುಚ್ಚುವ ಹೊತ್ತು. ಅಕ್ಕನನ್ನು ಕರೆದೊಯ್ಯಲು ಬಂದ ನಾನು ಹೊರಕೋಣೆಯಲ್ಲಿದ್ದೆ. ಯುವಕನೊಬ್ಬ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಕ್ಕ ಅವನ ಕೆನ್ನೆ ನೋಡಿದವಳೇ ತೊಟ್ಟಿದ್ದ ಕಂದು ಕೋಟನ್ನು ಬಿಚ್ಚಿ, ಬಿಳಿ ಕೋಟು ಹಾಕಿಕೊಂಡು, ಒಳಗೆ ಕರೆದೊಯ್ದು ಮಲಗಿಸಿದಳು. ಮೊದಲು ಹಲ್ಲು, ಆಮೇಲೆ ಹೆಸರು.

ಹಲ್ಲು ಕೊರೆಯುವ ಸದ್ದು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅಕ್ಕನ ಮಗಳು ಏದುಸಿರು ಬಿಡುತ್ತ ಮೇಲೆ ಬಂದಳು. ಅವನನ್ನು ಬಾಗಿಲ ಬಳಿ ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಬೀದಿಯೆಲ್ಲ ಸುತ್ತಿ ಬಂದಿದ್ದಳು. "ಮಾವ, ಒಳಗಿರೋದು ಅವನೇ. ಅಮ್ಮಂಗೆ ಗೊತ್ತಾಯ್ತಾ?"

ಉತ್ತರ ಒಳಗಿನಿಂದಲೇ ಬಂತು.

"ದವಡೆ ಹಲ್ಲು ಸೀಳಿದೆ ನೋಡಿ. ನಿದ್ದೇಲಿ ಹಲ್ಲು ಕಚ್ತೀರಿ. ಏನೋ ಚಿಂತೆ ಹಚ್ಕೊಂಡಿದೀರಿ, ಬಿಟ್ಬಿಡಿ. ಬಾಯಿ ಇನ್ನೂ ಸ್ವಲ್ಪ ಅಗಲ. ಹಾಂ. ಹೋದ ವಾರ ಒಂದು ದೆವ್ವದ ಸಿನಿಮಾ ನೋಡಿದೆ. ದೆವ್ವ ಪರವಾಗಿಲ್ಲ. ಆದ್ರೆ ಅದರಲ್ಲೊಬ್ಬಳು ಮುದುಕಿ ಮೆಟ್ಟಿಲು ಹತ್ತುತ್ತಾಳೆ, ಹತ್ತುತ್ತಾಳೆ, ಹತ್ತುತ್ತಲೇ ಇರ್ತಾಳೆ. ನಾನು ಅಷ್ಟರಲ್ಲಿ ಮನೇಲಿ ಗ್ಯಾಸ್ ಆಫ್ ಮಾಡಿದ್ನಾ ಅಂತ ಯೋಚ್ನೆ ಮಾಡಿ, ಮಾಡಿದೀನಿ ಅಂತ ನೆನಪು ಮಾಡ್ಕೊಂಡು, ವಾಪಸ್ ಬಂದೆ. ಅವಳಿನ್ನೂ ಹತ್ತುತ್ತಾನೇ ಇದ್ಳು. ಕತ್ತರಿ ಹಿಡಿದವನು ಆವಾಗ ಎಲ್ಲಿಗೆ ಹೋಗಿದ್ನೋ."

ಹುಡುಗಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ನುಗ್ಗಿ ತಡೆಯೋಣವೆಂದರೆ ಚಕ್ರಗತಿಯಲ್ಲಿ ತಿರುಗುವ ಉಕ್ಕಿನ ಮೊನೆ ಅವನ ದವಡೆಯೊಳಗಿತ್ತು. ಆ ಗಳಿಗೆಯಲ್ಲಿ ಅಕ್ಕನ ಕೈ ಬೆಚ್ಚುವಂತಿರಲಿಲ್ಲ. ಹೆಜ್ಜೆ ಮುಂದಿಟ್ಟ ಹುಡುಗಿ ಹೊಸ್ತಿಲಲ್ಲೇ ನಿಂತಳು.

"ಆದ್ರೆ ಒಂದು ಕಡೆ," ಅಕ್ಕನ ದನಿ ಮುಂದುವರಿಯಿತು, "ಮಗು ಕನ್ನಡಿ ಮುಂದಿಂದ ಎದ್ದು ಹೋಗತ್ತೆ. ಕನ್ನಡಿಯೊಳಗಿರೋ ಮಗು ಹೋಗಲ್ಲ, ಅಲ್ಲೇ ಕೂತಿರತ್ತೆ. ಎಲ್ಲಿ ಕತ್ತರಿಸಿದ್ರು, ಎಲ್ಲಿ ಅಂಟಿಸಿದ್ರು, ದೇವರಾಣೆ ಗೊತ್ತಾಗಲಿಲ್ಲ. ತುಂಬಿದ್ದೇ ಗೊತ್ತಾಗಲ್ಲ. ಅದನ್ನ ಮಾಡಿದವನು ದೊಡ್ಡ ಕೆಲಸಗಾರ. ಈಗ ಮುಕ್ಕಳಿಸಿ. ನಿಮ್ಮ ಹೆಸರೇನಂದ್ರಿ?"

ಅವನು ಹೆಸರು ಹೇಳಲಿಲ್ಲ. ಮುಕ್ಕಳಿಸಿ, ಮರಗಟ್ಟಿದ ತುಟಿಯನ್ನು ಕಷ್ಟದಿಂದ ಅಲುಗಿಸುತ್ತ, "ಮೆಟ್ಟಿಲೂ ನಾನೇ. ಕನ್ನಡೀನೂ ನಾನೇ" ಎಂದ.

ಅಕ್ಕ ಮುಖಕ್ಕೆ ಕಟ್ಟಿದ್ದ ಮುಸುಕನ್ನು ಕೆಳಗಿಳಿಸಿ ಅವನನ್ನು ನೋಡಿದಳು, ಹೊಸ್ತಿಲಲ್ಲಿ ನಿಂತಿದ್ದ ಮಗಳನ್ನು ನೋಡಿದಳು. ಕ್ಷಮೆ ಕೇಳುತ್ತಾಳೆ ಅಥವಾ ಆಡಿದ್ದನ್ನು ತೇಲಿಸಿಬಿಡುತ್ತಾಳೆ ಎಂದು ನಾನು ಕಾದೆ. ಅವಳು ಕಾಲಿನಿಂದ ತನ್ನ ಚಕ್ರದ ಸ್ಟೂಲನ್ನು ಹಿಂದಕ್ಕೆ ತಳ್ಳಿ, ಅವನ ಕಣ್ಣು ಕುಕ್ಕುತ್ತಿದ್ದ ದೀಪವನ್ನು ಪಕ್ಕಕ್ಕೆ ತಿರುಗಿಸಿ, ಕುರ್ಚಿಯನ್ನು ನೆಟ್ಟಗೆ ಮಾಡಿ ಅವನನ್ನು ಕೂರಿಸಿದಳು.

"ಹೇಳಿದ್ದು ಹೇಳಾಯ್ತು, ಹಿಂದಕ್ಕೆ ತಗೊಳಲ್ಲ. ಆದ್ರೆ ನಿಮ್ಮ ಬಾಯಿ ತೆರೆಸಿಟ್ಟು ಹೇಳಿದ್ದು ನ್ಯಾಯ ಅಲ್ಲ. ಈಗ ನೀವು ಹೇಳಿ, ನಾನು ಕೇಳ್ತೀನಿ."

ಆ ಕುರ್ಚಿಯಲ್ಲಿ ಕೂತ ರೋಗಿಯೊಬ್ಬ ಮಾತಾಡಿ ಅಕ್ಕ ಕೇಳಿಸಿಕೊಂಡದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಅವನು ತೊದಲುತ್ತಲೇ ವಾದಿಸಿದ. ಮುದುಕಿಗೆ ಮೇಲೆ ಏನಿದೆಯೆಂದು ಗೊತ್ತು, ಆದರೂ ಹತ್ತುತ್ತಾಳೆ. ನೋಡುವವರಿಗೆ ಅವಳ ಮಂಡಿಯ ನೋವು ತಾಗಬೇಕು, ಅದಕ್ಕೇ ಉದ್ದ ಬಿಟ್ಟೆ ಎಂದ. ಅಕ್ಕ ತಲೆಯಾಡಿಸಿದಳು. "ನೋವು ತಾಗಿತು. ತಾಗಿದ ಮೇಲೂ ಹತ್ತಿಸಿದ್ರಿ." ಅವನು ಒಪ್ಪಿದವನಂತೆ ಊದಿದ ಕೆನ್ನೆ ಸವರಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ಕನ್ನಡಿ ಬಗ್ಗೆ ಹೇಳಿದ್ದು ನಿಜಾನಾ?"

"ನೀವು ಯಾರು ಅಂತ್ಲೇ ನಂಗೆ ಗೊತ್ತಿರ್ಲಿಲ್ಲವಲ್ಲಪ್ಪ. ಯಾರನ್ನ ಮೆಚ್ಚಿಸೋಕೆ ಸುಳ್ಳು ಹೇಳ್ಲಿ?"

ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಇಷ್ಟು ದಿನ ಕಿವಿಗೆ ಬಿದ್ದ ಹೊಗಳಿಕೆಯಲ್ಲಿ ನಂಬಬಹುದಾದದ್ದು ಇದೊಂದೇ ಎಂದು ಅವನಿಗೆ ತಿಳಿಯಿತು. ಅವನ ಮುಖ ನೋಡಿದ ನಮಗೂ ತಿಳಿಯಿತು. ನಾವು ಯೋಜಿಸಿದಂತೆ ಅಕ್ಕ ಊಟದ ಮೇಜಿನಲ್ಲಿ ಅದೇ ಮಾತನ್ನು ಆಡಿದ್ದರೆ, ಹುಡುಗಿಯ ತಾಯಿಯ ಉಪಚಾರವೆಂದು ಅದನ್ನೂ ಅವನು ಪಕ್ಕಕ್ಕಿಡುತ್ತಿದ್ದ.

ಅಕ್ಕ ಬಿಳಿ ಕೋಟು ಬಿಚ್ಚಿ ಕಂದು ಕೋಟು ತೊಟ್ಟಳು. "ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿದೆ. ಬನ್ನಿ, ಮೆಟ್ಟಿಲು ಇನ್ನೊಂದು ಸಲ ನೋಡೋಣ. ಕೆನ್ನೆ ಕಚ್ಕೋಬೇಡಿ, ಮದ್ದು ಇಳಿಯೋವರೆಗೂ ಗೊತ್ತಾಗಲ್ಲ." ಹಾಸ್ಯಚಿತ್ರಕ್ಕೆಂದು ಹೊರಟಿದ್ದ ನಾವಿಬ್ಬರೂ ಅವರಿಬ್ಬರೂ ಹೆಚ್ಚುಕಡಿಮೆ ಖಾಲಿಯಾಗಿದ್ದ ಚಿತ್ರಮಂದಿರದಲ್ಲಿ ಕೂತು ದೆವ್ವ ನೋಡಿದೆವು.

ಹೊರಗೆ ಬಂದಾಗ ಅವಳು ನಾಳೆಯವರೆಗೆ ಕಾಯಲಿಲ್ಲ. ಅವಳ ಆಯುಷ್ಯದ ನಿಯಮ ಅಂದು ಮುರಿಯಿತು. "ಮೆಟ್ಟಿಲು ಈಗ್ಲೂ ಸ್ವಲ್ಪ ಎತ್ತರನೇ. ಕನ್ನಡಿ ಮಾತ್ರ ಹೋದ ಸಲಕ್ಕಿಂತ ಚೆನ್ನಾಗಿತ್ತು" ಎಂದಳು. ಅವನು ಬಾಯಿ ತುಂಬ ನಕ್ಕ. ಮರಗಟ್ಟುವಿಕೆ ಇಳಿದಿತ್ತು, ತುಟಿ ಸಮನಾಗಿ ಬಿಚ್ಚಿತು. ಅಕ್ಕ ದೀಪದ ಕಂಬದ ಕೆಳಗೆ ನಿಂತು ಆ ನಗುವನ್ನು ಪರೀಕ್ಷಿಸಿ, "ಹಾಂ, ಇನ್ನು ಎಲ್ಲಿ ಸಿಕ್ಕಿದ್ರೂ ಗುರುತು ಹಿಡೀತೀನಿ" ಎಂದಳು. ಹುಡುಗಿ ಅವನ ಕಡೆ ತಿರುಗಿ, ತಾನೇ ಹೆತ್ತು ಬೆಳೆಸಿದವಳ ಹಾಗೆ ಬೀಗುತ್ತ, "ನೋಡಿದ್ಯಾ, ನಮ್ಮಮ್ಮ" ಎಂದಳು. ಅವರ ಮದುವೆಯ ಮಾತು ಮುಂದಿನ ವಾರದ ಊಟದ ಮೇಜಿಗೆ ಬಂದಾಗ ಅದನ್ನು ಎತ್ತಿದವನು ಅವನೇ. ಈಗ ಇನ್ನೊಂದು ಚಿತ್ರಕ್ಕೆ ಕತ್ತರಿ ಹಿಡಿದಿದ್ದಾನೆ.

ಲೋಕದಲ್ಲಿ ನೋಡುವವರು ಬಹಳ, ಅಭಿಪ್ರಾಯ ಉಳ್ಳವರು ಅದಕ್ಕಿಂತ ಬಹಳ. ಆದರೆ ಇಷ್ಟವಾಗದ್ದನ್ನು ಹಗೆಯಿಲ್ಲದೆ ಇಷ್ಟವಾಗಲಿಲ್ಲ ಎನ್ನುವ, ಇಷ್ಟವಾದದ್ದನ್ನು ಲಾಭದ ಲೆಕ್ಕವಿಲ್ಲದೆ ಇಷ್ಟವಾಯಿತು ಎನ್ನುವ ಜನ ಅಪರೂಪ. ಅವರು ಯಾರ ಕೃತಿಯನ್ನೂ ಎತ್ತಿ ಮೆರೆಸಲಾರರು, ಯಾರನ್ನೂ ಮುಳುಗಿಸಲಾರರು. ತಮ್ಮ ಪಾಡಿಗೆ ಟಿಕೆಟು ಕೊಂಡು, ಕತ್ತಲಲ್ಲಿ ಕೂತು, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತಾರೆ. ಯಾವುದೋ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತು ದುಡಿದವನಿಗೆ ಅಂಥವರ ಒಂದು ಸಾದಾ ಮಾತು ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಕುಟುಂಬಕ್ಕೆ ಅಂಥವರು ಒಬ್ಬರಿದ್ದರೆ ಅದು ಪುಣ್ಯ. ನಮ್ಮ ಕುಟುಂಬದಲ್ಲಿ ಒಬ್ಬಳಿದ್ದಾಳೆ, ಅವಳು ನನ್ನ ಅಕ್ಕ.