ಬಂಗಿಗೆ ಹಚ್ಚಿದ ಬೇರು

ಪಾರ್ಲರಿನ ಕನ್ನಡಿಯ ಮುಂದೆ ಕೂತಿದ್ದ ನಾದಿನಿಯ ಕೈಯಿಂದ ನೀರಿನ ಲೋಟ ಠಣ್ಣನೆ ನೆಲಕ್ಕೆ ಬಿತ್ತು.

"ಮಕ್ಕಳಿಗೆ ತಾಳ ಹಾಕಿಸಿ ಹಾಕಿಸಿ ಕೈ ಸವೆದುಹೋಯ್ತಾ ಪುಟ್ಟಿ?" ಎಂದು ಅತ್ತಿಗೆ ನಕ್ಕಳು.

ನಾದಿನಿ ನಗಲಿಲ್ಲ. ಏಳಲು ಹೋಗಿ ಮತ್ತೆ ಕುರ್ಚಿಗೇ ಕುಸಿದಳು. "ಅತ್ತಿಗೆ, ಕಾಲು ನಂದಲ್ಲ ಅನ್ನೋ ಹಾಗಿದೆ. ಎದೆ ಬೇರೆ ಹೇಗ್ಹೇಗೋ ಹೊಡ್ಕೊಳ್ತಿದೆ."

ಅತ್ತಿಗೆ ಬಗ್ಗಿ ನೋಡಿದಳು. ಪಾದಗಳು ಊದಿ, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಬೆರಳಿಂದ ಒತ್ತಿದರೆ ಅಲ್ಲೊಂದು ಗುಳಿ ಬಿದ್ದು ಹಾಗೇ ಉಳಿಯಿತು. ತಡಮಾಡದೆ ಆಟೋ ಕರೆದು ಅವಳನ್ನು ಆಸ್ಪತ್ರೆಗೆ ಹೊರಡಿಸಿದಳು.

ಮನೆಯ ಮುಂದಿನ ಕೋಣೆಯನ್ನೇ ಪಾರ್ಲರ್ ಮಾಡಿಕೊಂಡಿದ್ದ ಅತ್ತಿಗೆಗೆ ಹೆಸರು ತಂದುಕೊಟ್ಟದ್ದು ಒಂದು ಲೇಪ. ಗ್ರಂದಿಗೆ ಅಂಗಡಿಯಿಂದ ಜೇಷ್ಠಮಧುವಿನ ಬೇರು ತಂದು, ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ, ಹಾಲಿನಲ್ಲಿ ಕಲಸಿ ಹಚ್ಚುತ್ತಿದ್ದಳು. ಕಂದು ಕಲೆ ಬಿದ್ದು ಬಂಗು ಬಂದ ಎಷ್ಟೋ ಕೆನ್ನೆಗಳು ಅದರಿಂದ ತಿಳಿಯಾಗಿದ್ದವು. ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದ ನಾದಿನಿಗೂ ನಲವತ್ತರ ಹೊಸ್ತಿಲಲ್ಲಿ ಬಂಗು ಕಾಣಿಸಿಕೊಂಡಾಗ, "ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತಾರೇನೇ?" ಎಂದು ತಾನೇ ಕರೆದು ಕೂರಿಸಿಕೊಂಡಿದ್ದಳು. ಅಂದಿನಿಂದ ವಾರ ತಪ್ಪದೆ ಲೇಪ ನಡೆದಿತ್ತು.

ಆಸ್ಪತ್ರೆಯಲ್ಲಿ ರಕ್ತದೊತ್ತಡ ಅಳೆದ ನರ್ಸು ನಂಬಿಕೆ ಬಾರದೆ ಇನ್ನೊಮ್ಮೆ ಅಳೆದಳು. ಎದೆಗೆ ತಂತಿಗಳನ್ನು ಅಂಟಿಸಿದರು, ರಕ್ತ ತೆಗೆದರು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. "ಪೊಟ್ಯಾಸಿಯಂ ತುಂಬಾ ಇಳಿದಿದೆ. ಮಾತ್ರೆ, ಔಷಧಿ ಏನಾದ್ರೂ ತಗೋತಿದೀರಾ?" ಎಂದು ಕೇಳಿದರು.

"ಏನೂ ಇಲ್ಲ" ಎಂದಳು ನಾದಿನಿ.

ಅತ್ತಿಗೆಗೆ ತನ್ನ ಲೇಪ ನೆನಪಾಯಿತು.

ಕರೆಂಟಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅತ್ತಿಗೆಯ ಗಂಡ ಓಡಿಬಂದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇನ್ನೂ ಇತ್ತು. "ಕಿಡ್ನಿನೋ ಏನೋ ನೋಡ್ಬೇಕಂತೆ ಕಣೇ. ನಮ್ಮ ಪುಟ್ಟಿಗೆ ಯಾಕಿಂಥಾದ್ದು?" ಎಂದು ಬೆಂಚಿನ ಮೇಲೆ ತಲೆ ಹಿಡಿದು ಕೂತ.

ಅತ್ತಿಗೆಯ ಮನಸ್ಸು ಲೇಪದ ಸುತ್ತಲೇ ಸುತ್ತಿತು. ಈ ಸಲದ ಬೇರು ಕಪ್ಪಗಿತ್ತಲ್ಲ, ಅದಕ್ಕೇನಾದರೂ ಬೆರೆಸಿದ್ದರೇ? ಲೇಪ ಚರ್ಮದೊಳಗಿಳಿದು ರಕ್ತಕ್ಕೆ ಸೇರಿತೇ? ಹಾಗಿದ್ದರೆ ತಾನು ಸವರಿದ ಆ ಅಷ್ಟೂ ಮುಖಗಳ ಗತಿಯೇನು? ಮೊನ್ನೆ ತಾನೇ ಹೆರಿಗೆಯಾದವಳೊಬ್ಬಳು ಬಂದು ಹಚ್ಚಿಸಿಕೊಂಡು ಹೋಗಿದ್ದಳು. ಹೇಳಲೇಬೇಕು ಎಂದು ಏಳುವಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕೂರುವಳು. ತಂಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಗಂಡನಿಗೆ ಯಾವ ಮುಖ ತೋರಿಸುವುದು?

ಬಾಗಿಲ ಸಂದಿಯಿಂದ ನೋಡಿದಳು. ನಾದಿನಿ ಹೊದಿಕೆಯನ್ನು ಎಳೆದುಕೊಳ್ಳಲು ಹೆಣಗುತ್ತಿದ್ದಳು, ಬೆರಳಿಗೆ ಅದೂ ಭಾರವಾಗಿತ್ತು. ತಾನು ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ತಾಯಿಯಿಲ್ಲದ ಆ ಹುಡುಗಿ ಬಾಚಣಿಗೆ ಹಿಡಿದು ಬಂದು, "ಅಣ್ಣಂಗೆ ಜಡೆ ಹಾಕೋಕೆ ಬರಲ್ಲ" ಎಂದಿದ್ದಳು. ಅತ್ತಿಗೆ ನೇರ ಡಾಕ್ಟರ ಕೋಣೆಗೆ ನುಗ್ಗಿದಳು.

"ನನ್ನಿಂದಲೇ ಆಯ್ತೇನೋ ಡಾಕ್ಟ್ರೇ. ಅವಳ ಮುಖಕ್ಕೆ ಜೇಷ್ಠಮಧು ಹಚ್ತಿದ್ದೆ."

ಡಾಕ್ಟರು ತಲೆಯೆತ್ತಿದರು. "ಬರೀ ಹಚ್ಚಿದ್ರೆ ಹೀಗಾಗಲ್ಲಮ್ಮ. ಅವರು ಅದನ್ನ ತಿಂತಾರಾ?"

"ತಿನ್ನೋದಾ? ನನಗೆ ಗೊತ್ತಿದ್ದ ಹಾಗೆ ಇಲ್ಲ."

ಇಬ್ಬರೂ ಹಾಸಿಗೆಯ ಬಳಿ ಹೋದರು. ಪ್ರಶ್ನೆ ಕೇಳುತ್ತಲೇ ನಾದಿನಿಯ ಬಾಯೊಳಗೆ ಏನೋ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಯಿತು. ಡಾಕ್ಟರು ಕೈ ಚಾಚಿದರು. ನಾರುನಾರಾದ ಬೇರಿನ ತುಂಡೊಂದು ಹೊರಬಂತು.

"ಔಷಧಿ ಅಂತ ಕೇಳಿದ್ರಿ. ಇದು ಸಿಹಿ ಬೇರು ತಾನೆ?" ಎಂದಳು ಮೆಲ್ಲಗೆ. ತರಗತಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದಾಗ ಅಗಿಯಲು ಶುರುಮಾಡಿದ್ದಂತೆ. ದನಿ ತೆರೆಯಿತು. ಆಮೇಲೆ ಬಿಡಲು ಭಯ. ಅಗಿಯುವುದು ಸಾಲದೆ ಕಷಾಯ ಬೇರೆ. "ನಿಮ್ಮ ಡಬ್ಬದಿಂದಲೇ ತಗೋತಿದ್ದೆ ಅತ್ತಿಗೆ. ಬೈತೀರ ಅಂತ ಹೇಳಲಿಲ್ಲ."

"ಬೇರು ಬೇಗ ಖಾಲಿ ಆಗ್ತಿದ್ರೆ ಗಿರಾಕಿಗಳು ಜಾಸ್ತಿ ಆದ್ರು ಅಂದ್ಕೊಂಡಿದ್ನಲ್ಲೇ!" ಎಂದಳು ಅತ್ತಿಗೆ. ಅಳು ನಗು ಒಟ್ಟಿಗೇ ಬಂದವು.

ಡಾಕ್ಟರು ನಗಲಿಲ್ಲ. ತಿಂಗಳುಗಟ್ಟಲೆ ತಿಂದರೆ ಈ ಬೇರು ಮೈಯಲ್ಲಿ ಉಪ್ಪು ನೀರು ಹಿಡಿದಿಟ್ಟು ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ ಎಂದರು. "ಹೃದಯ ಯಾವಾಗ ಬೇಕಾದ್ರೂ ತಾಳ ತಪ್ಪಬಹುದು. ಇನ್ನೂ ಗಂಡಾಂತರ ಕಳೆದಿಲ್ಲ."

ಆ ಮಾತು ಸುಳ್ಳಾಗಲಿಲ್ಲ. ಮರುದಿನ ಮಧ್ಯಾಹ್ನ ಪರದೆಯ ಮೇಲಿನ ಗೆರೆ ಇದ್ದಕ್ಕಿದ್ದಂತೆ ಕಲಸಿಹೋಯಿತು, ಯಂತ್ರ ಕಿರುಚಿತು, ನರ್ಸುಗಳು ಓಡಿಬಂದರು, ಬಾಗಿಲು ಮುಚ್ಚಿತು. ಗಂಡ ಹೆಂಡತಿ ಗೋಡೆಗೊರಗಿ ನಿಂತರು. ಆ ಹೊತ್ತಿಗೆ ಅವನಿಗೆ ಬೇರಿನ ವಿಷಯವೆಲ್ಲ ತಿಳಿದಿತ್ತು. ಈಗ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಗಿಲು ತೆರೆದು ಡಾಕ್ಟರು "ಉಳಿದ್ರು" ಎಂದಾಗ ಆ ಕೈ ಬಿಡಿಸಿಕೊಳ್ಳುವುದು ಇಬ್ಬರಿಗೂ ನೆನಪಾಗಲಿಲ್ಲ.

ನಾದಿನಿ ಮನೆಗೆ ಬಂದಳು. ಬಾವು ಇಳಿಯಿತು, ಬೆರಳುಗಳಿಗೆ ಕಸುವು ಬಂತು. ದನಿ ಮಾತ್ರ ಒಡಕಾಗಿಯೇ ಉಳಿಯಿತು. ಗಂಟಲಿಗೆ ವಿಶ್ರಾಂತಿ ಬೇಕೆಂದು ಶಾಲೆಯವರು ರಜೆ ಕೊಟ್ಟರು. ಅವಳು ಸನ್ನೆಯಲ್ಲೇ ಅಣ್ಣನೊಂದಿಗೆ ಜಗಳವಾಡಿದಳು.

ಪಾರ್ಲರ್ ಮತ್ತೆ ತೆರೆದ ದಿನ ಬಟ್ಟೆ ಅಂಗಡಿಯ ಯಜಮಾನಿ ಬಂದು ಕೂತು ಮುಖ ಮುಂದೆ ಮಾಡಿದರು. ಅತ್ತಿಗೆ ಬಟ್ಟಲು ಕೈಗೆತ್ತಿಕೊಳ್ಳುವ ಮೊದಲೇ ಕೇಳಿದಳು, "ಈ ಬೇರನ್ನ ನೀವೇನಾದ್ರೂ ಹೊಟ್ಟೆಗೆ ತಗೋತೀರಾ?"

"ಓ, ದಿನಾ ಕುಡೀತೀನಲ್ಲ! ಕೆಮ್ಮಿಗೆ ಒಳ್ಳೇದು. ಬಿಪಿ ಮಾತ್ರೆ ನುಂಗಿದ ಮೇಲೆ ಒಂದು ಲೋಟ."

ಅತ್ತಿಗೆ ಲೇಪದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಏಳಿ."

"ಯಾಕೆ? ಲೇಪ?"

"ಲೇಪ ಆಮೇಲೆ. ಮೊದಲು ಆಸ್ಪತ್ರೆಗೆ ಹೋಗೋಣ."

"ನಿಮಗೇನು ಹುಚ್ಚೇನ್ರೀ? ನಾನು ಗುಂಡುಕಲ್ಲಿನ ಹಾಗಿದೀನಿ!"

"ಹಾಗೇ ಇರಿ ಅಂತಲೇ ಹೇಳ್ತಿರೋದು" ಎಂದು ಅವರ ರಟ್ಟೆ ಹಿಡಿದೆಬ್ಬಿಸಿ, ಅತ್ತಿಗೆ ಪಾರ್ಲರಿನ ಬಾಗಿಲು ಎಳೆದುಕೊಂಡು ಬೀದಿಗಿಳಿದಳು.