ಅರಿಯರ್ ಇದ್ದವಳಿಗೆ ಪ್ರಶಸ್ತಿ

ಬಂದ ಅರ್ಜಿಗಳಿಗಿಂತ ಅವುಗಳ ಜೊತೆ ಬಂದ ಫೋಟೋಗಳೇ ಹೆಚ್ಚಿದ್ದವು. ಒಬ್ಬ ಹುಡುಗ ಮುದುಕಿಯೊಬ್ಬಳ ಕೈಗೆ ಬಾಳೆಹಣ್ಣು ಕೊಡುತ್ತಾ ಕ್ಯಾಮೆರಾ ಕಡೆ ನಗುತ್ತಿದ್ದ. ಇನ್ನೊಬ್ಬ ಮೇ ತಿಂಗಳ ಬಿಸಿಲಿನಲ್ಲಿ ಇನ್ನೊಂದು ಮುದುಕಿಗೆ ಕಂಬಳಿ ಹೊದಿಸುತ್ತಿದ್ದ.

"ಪಾಪ, ಅಜ್ಜಿ ಒಳಗೇ ಬೆಂದುಹೋಗಿರ್ಬೇಕು," ಎಂದು ಅರ್ಜಿ ನೋಡುತ್ತಿದ್ದ ವಿದ್ಯಾರ್ಥಿ ಸಮಿತಿಯ ಕುಮರೇಶನ್ ನಕ್ಕ.

ಜೊತೆಗೆ ಕೂತಿದ್ದ ಸತ್ಯಾಳಿಗೆ ನಗು ಬರಲಿಲ್ಲ. ಇನ್ನೊಬ್ಬರಿಗಾಗಿ ತನ್ನದನ್ನು ಬಿಟ್ಟುಕೊಟ್ಟ ವಿದ್ಯಾರ್ಥಿಗೆ ಒಂದು ಪ್ರಶಸ್ತಿ, ಜೊತೆಗೆ ಕೊನೆಯ ವರ್ಷದ ಫೀಸು. ಇಷ್ಟಕ್ಕಾಗಿ ಕರುಮತ್ತಂಪಟ್ಟಿಯ ಆ ಸಣ್ಣ ಕಾಲೇಜಿನ ಮಕ್ಕಳು ಶನಿವಾರ ಬಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಸುಂಡಲ್, ಅಂದರೆ ಕಡಲೆ ಉಸಲಿ, ಮಾರಿದ್ದರು. ಅದಕ್ಕೆ ಹೆಗಲು ಪ್ರಶಸ್ತಿ ಎಂದು ಹೆಸರನ್ನೂ ತಾವೇ ಇಟ್ಟಿದ್ದರು.

ಆಮೇಲೆ ಪವರ್‌ಲೂಮ್ ಶೆಡ್‌ಗಳ ಮಾಲೀಕ ಈಶ್ವರನ್ ಬಂದು, "ನೀವು ಕೂಡಿಸಿದಷ್ಟೇ ನಾನೂ ಹಾಕ್ತೀನಿ" ಎಂದರು. ಪ್ರಿನ್ಸಿಪಾಲರು ಎದ್ದು ಕುರ್ಚಿ ಕೊಟ್ಟರು. ಕೂತವರು ಮತ್ತೆ ಏಳಲೇ ಇಲ್ಲ. ನಿಯಮ ಬರೆಸಿದವರೂ ಅವರೇ. ಫೋಟೋ ಬೇಕು. ಅರಿಯರ್ ಇರಬಾರದು, ಅಂದರೆ ಪಾಸಾಗದೆ ಉಳಿದ ಪೇಪರ್ ಒಂದೂ ಇರಕೂಡದು.

"ಆ ಅರಿಯರ್ ನಿಯಮ ತೆಗೆದುಬಿಡೋಣ ಸಾರ್," ಎಂದು ಸತ್ಯಾ ಈಗ ಅವರ ಕಡೆ ತಿರುಗಿದಳು.

"ಯಾರಿಗೋಸ್ಕರಮ್ಮಾ?" ಎಂದರು ಈಶ್ವರನ್.

ಸತ್ಯಾ ಅರ್ಜಿಗಳ ಕಟ್ಟನ್ನು ಮತ್ತೆ ಜೋಡಿಸತೊಡಗಿದಳು.

"ಯಾರೂ ಇಲ್ಲ ತಾನೇ? ನಾಳೆ ಬೆಳಿಗ್ಗೆ ಆ ಕಂಬಳಿ ಹುಡುಗನ ಹೆಸರು ಓದಿಬಿಡಿ."

ಯಾರಿಗೋಸ್ಕರ ಎಂಬುದು ಸತ್ಯಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಮ್ಮ ಪೊನ್ನಮ್ಮ ಈಶ್ವರನ್ ಶೆಡ್ಡಿನಲ್ಲೇ ಮಗ್ಗ ನಡೆಸುವವಳು. ಹೋದ ವರ್ಷ ಅವಳಿಗೆ ಡೆಂಗಿ ಬಂತು. ಅಲ್ಲಿ ಮಗ್ಗ ಸುಮ್ಮನೆ ನಿಂತರೆ ಅದು ಬೇರೆಯವರ ಪಾಲು. ಸತ್ಯಾ ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆಯ ಪಕ್ಕ ಕೂತಿದ್ದಾಗ, ಪಕ್ಕದ ಮನೆಯ ಗೆಳತಿ ಕೃತ್ತಿಕಾ ಹೋಗಿ ಪೊನ್ನಮ್ಮನ ಮಗ್ಗಗಳ ಮುಂದೆ ನಿಂತಳು. ಕೂಲಿ ಪೊನ್ನಮ್ಮನಿಗೇ ಬಂತು. ಬಟ್ಟೆ ನೋಡುವ, ಮುಖ ನೋಡದ ಮೊದಲಾಳಿ ಈಶ್ವರನ್‌ಗೆ ಇದು ತಿಳಿಯಲೇ ಇಲ್ಲ. ಸತ್ಯಾಳ ಪರೀಕ್ಷೆ ಆಗಲೇ ಮುಗಿದಿತ್ತು. ಅದೇ ಕಾಲೇಜಿನಲ್ಲಿ ಬೇರೆ ವಿಷಯ ಓದುವ ಕೃತ್ತಿಕಾಳಿಗೆ ಒಂದು ಉಳಿದಿತ್ತು, ಅದು ತಪ್ಪಿತು. ಅದೇ ಅವಳ ಅರಿಯರ್. ಈಗ ಅವಳ ಅಪ್ಪ, ಫೀಸು ಕಟ್ಟಲು ಆಗುವುದಿಲ್ಲ, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗು ಅನ್ನುತ್ತಿದ್ದ.

ಸಂಜೆ ಸತ್ಯಾ ಮನೆಯಲ್ಲಿ ಬಾಯಿ ಬಿಟ್ಟಳು. "ಹೇಳಿದ್ರೆ ಮೊದಲಾಳಿ ನಿನ್ನ ಮಗ್ಗ ಕಿತ್ಕೋತಾರಮ್ಮಾ. ಹೇಳ್ದಿದ್ರೆ ಕೃತ್ತಿಕಾ ಓದು ನಿಂತೋಯ್ತು."

ಪೊನ್ನಮ್ಮ ತಲೆಗೂದಲಿಗೆ ಅಂಟಿದ್ದ ಹತ್ತಿಯ ಎಳೆ ಕಿತ್ತು ಹಾಕಿದಳು.

"ಜ್ವರ ಬಂದಿದ್ದು ಯಾರಿಗೆ ಕಂದಾ? ನಿಂಗಾ, ನಂಗಾ?"

"ನಿಂಗೆ."

"ಮತ್ತೆ ನೀನ್ಯಾತಕ್ಕೆ ಹೇಳೋದು? ಸಾರು ಹಾಕು, ಹಸಿವು."

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಸಮಿತಿಯ ಮಕ್ಕಳೆಲ್ಲ ಸೇರಿ, ಕುಮರೇಶನ್ ಗೆದ್ದವನ ಹೆಸರು ಓದಲು ಎದ್ದಾಗ, "ತಡಿ, ಒಬ್ಬರು ಮಾತಾಡೋದಿದೆ," ಎಂದು ಸತ್ಯಾ ಬಾಗಿಲು ತೆಗೆದಳು. ಪೊನ್ನಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

ಈಶ್ವರನ್ ಹುಬ್ಬು ಗಂಟಿಕ್ಕಿದರು. "ಏನು ಪೊನ್ನಮ್ಮಾ, ನಿನಗೆ ಇಲ್ಲೇನು ಕೆಲಸ? ಮಗ್ಗದ ಹತ್ರ ಯಾರು?"

"ಕೃತ್ತಿಕಾ ನಿಂತಿದಾಳೆ, ಮೊದಲಾಳಿ. ಹೋದ ವರ್ಷ ನಾನು ಜ್ವರದಲ್ಲಿ ಬಿದ್ದಿದ್ದಾಗ್ಲೂ ಅವಳೇ ನಿಂತಿದ್ದು. ಬಟ್ಟೆ ಚೆನ್ನಾಗಿ ಬಂದಿದೆ ಅಂದ್ರಲ್ಲ ನೀವು, ಅದು ಅವಳು ನೇಯ್ದಿದ್ದು. ಪರೀಕ್ಷೆ ಬಿಟ್ಟು ನೇಯ್ದಿದ್ದು."

"ನನ್ನನ್ನ ಕೇಳದೆ ಕಂಡವರನ್ನೆಲ್ಲ ಶೆಡ್ಡಿಗೆ ಬಿಟ್ಟೆಯಾ? ಇವತ್ತಿನ ಬಟ್ಟೆ ಪೀಸ್ ಮುಗಿದ್ಮೇಲೆ ನೀನು ಬರಬೇಡ."

"ಬರಲ್ಲ. ಈ ಊರಲ್ಲಿ ಮಗ್ಗ ಇರೋದು ನಿಮ್ಮೊಬ್ಬರ ಹತ್ರಾನಾ?"

ಮಾತು ಗಟ್ಟಿಯಾಗಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಿಂಡುತ್ತಿತ್ತು. ಆ ಕೈ ನೋಡಿದ್ದೇ ತಡ, ಸತ್ಯಾಳೊಳಗೆ ನಿನ್ನೆಯಿಂದ ಕೂತಿದ್ದ ಹೆದರಿಕೆ ಸಿಟ್ಟಾಗಿ ಎದ್ದಿತು.

"ಕಾಯಿಲೆ ಬಿದ್ದವಳ ಮಗ್ಗ ಕಿತ್ಕೊಳ್ಳೋರು ಪರೋಪಕಾರಕ್ಕೆ ನಿಯಮ ಬರೆದಿದ್ದೀರಿ ಸಾರ್! ಫೋಟೋ ಬೇಕಾ? ತೆಗೆಯೋಕೆ ಅವಳ ಕೈಗೆ ಬಿಡುವಿರಲಿಲ್ಲ."

"ಸತ್ಯಾ, ದಾನಿಗಳ ಹತ್ರ ಹೀಗೆ..." ಎಂದು ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು.

"ದಾನಿಗಳ ದುಡ್ಡು ದಾನಿಗಳಿಗೇ ಇರ್ಲಿ ಸಾರ್. ಸುಂಡಲ್ ದುಡ್ಡು ನಮ್ಮದು. ಅರಿಯರ್ ನಿಯಮ ಬೇಡ, ಪ್ರಶಸ್ತಿ ಕೃತ್ತಿಕಾಗೆ ಅನ್ನೋರು ಕೈ ಎತ್ತಿ."

"ಎರಡೂ ಎತ್ತಬಹುದಾ?" ಎಂದ ಕುಮರೇಶನ್, ಎತ್ತಿಯೇ ಬಿಟ್ಟ. ಒಂದೊಂದಾಗಿ ಎಲ್ಲರ ಕೈ ಮೇಲೆದ್ದವು. ಬಾಗಿಲ ಬಳಿ ಕಾಯುತ್ತಿದ್ದ ಕಂಬಳಿ ಹುಡುಗನೂ ಆ ಕಡೆ ಈ ಕಡೆ ನೋಡಿ ಕೈ ಎತ್ತಿದ. ಈಶ್ವರನ್ ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದರು.

ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಸತ್ಯಾ ಕೃತ್ತಿಕಾಳ ಕಿವಿಗೆ ಬಾಯಿಟ್ಟು ನಡೆದದ್ದನ್ನೆಲ್ಲ ಕೂಗಿ ಹೇಳಿದಳು.

"ಪೊನ್ನಮ್ಮತ್ತೆ ಮಗ್ಗ ಹೋಯ್ತಾ?" ಕೃತ್ತಿಕಾ ಬೈಯಲು ಶುರು ಮಾಡಿದಳು. "ಮೊದಲಾಳಿ ದುಡ್ಡೂ ಹೋಯ್ತಾ? ಬುದ್ಧಿ ಇದೆಯೇನೇ ನಿಂಗೆ?"

"ಅಮ್ಮ ಎದುರು ಶೆಡ್ಡಲ್ಲಿ ಕೆಲಸ ಕೇಳ್ತಿದ್ದಾಳೆ. ಅವಳು ಕೇಳ್ತಿರೋ ಮೂರನೇ ಶೆಡ್ ಅದು, ಸಿಗೋವರೆಗೂ ಬಿಡಲ್ಲ. ಫೀಸಿಗೆ ಕಮ್ಮಿ ಬಿದ್ದಿದ್ದಕ್ಕೆ ನಾವು ಇನ್ನೂ ಸುಂಡಲ್ ಮಾರ್ತೀವಿ. ನೀನು ತಿರುಪ್ಪೂರಿಗೆ ಹೋಗಲ್ಲ, ಅಷ್ಟೇ. ಬಾ, ಪ್ರಶಸ್ತಿ ಅರ್ಜಿಗೆ ಸಹಿ ಹಾಕು."

ಕೃತ್ತಿಕಾ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಬಳಿದುಕೊಂಡಳು.

"ಇರು, ನೂಲು ಕಡಿದಿದೆ. ಈ ಪೀಸ್ ಮುಗಿಸಿ ಬರ್ತೀನಿ. ಅತ್ತೆ ಕೂಲಿ ಯಾಕೆ ಬಿಡೋದು?"