ಕೈ ಒಳಗಿದ್ದಾಗ

ಗೋವಿನಜೋಳದ ಹಸಿ ದಂಟು ರೋಲರಿಗೆ ಸುತ್ತಿಕೊಂಡು ತೆನೆ ಮುರಿಯುವ ಮಷಿನ್ನು ಗಕ್ಕನೆ ನಿಂತಾಗ, ಅಕ್ಕಮ್ಮ ಮೊದಲು ಟ್ರ್ಯಾಕ್ಟರ್ ಆರಿಸಿ ಚಾವಿ ಕಿತ್ತು ಉಡಿಗೆ ಸಿಕ್ಕಿಸಿಕೊಂಡಳು. ಆಮೇಲೆಯೇ ಮಷಿನ್ನಿನ ಬಾಯೊಳಗೆ ಕೈ ಹಾಕಿದಳು.

ಯಾರ ಕೈ ಮಷಿನ್ನಿನ ಒಳಗಿದೆಯೋ ಚಾವಿ ಅವರ ಹತ್ತಿರವೇ ಇರಬೇಕು. ದೇವರೇ ಬಂದು ಕೇಳಿದರೂ ಕೊಡಬಾರದು. ಇದು ಅವಳ ಭಾವ ರಾವಸಾಹೇಬರು ಮಾಡಿದ ಕಟ್ಟಳೆ. ಹಿಂದೊಂದು ಸುಗ್ಗಿಯಲ್ಲಿ ಅವರು ಒಕ್ಕುವ ಮಷಿನ್ನಿನೊಳಗೆ ಕೈ ಹಾಕಿದ್ದಾಗ ಯಾರೋ ಅವಸರಕ್ಕೆ ಟ್ರ್ಯಾಕ್ಟರ್ ಚಾಲೂ ಮಾಡಿದ್ದರು. ಬಲಗೈಯ ಎರಡು ಬೆರಳು ಅಲ್ಲಿಯೇ ಹೋದವು.

ಟ್ರ್ಯಾಕ್ಟರ್ ಭಾವನದು, ಅದಕ್ಕೆ ಕಟ್ಟಿ ಎಳೆಯುವ ಮಷಿನ್ನು ಅಕ್ಕಮ್ಮನದು. ಎರಡೂ ಊರೂರಿಗೆ ಪಾಳಿಯಂತೆ ಬಾಡಿಗೆಗೆ ಹೋಗುತ್ತಿದ್ದವು; ಇಂದು ಚಿಮ್ಮಡದ ನಂದಾಳ ಪಾಳಿ. ಟ್ರ್ಯಾಕ್ಟರ್ ತಿರುಗಲು ಜಾಗ ಬೇಕೆಂದು ನಂದಾ ಮುಂಜಾನೆಯೇ ಹೊಲದ ಎರಡೂ ತುದಿಯ ಗೋವಿನಜೋಳವನ್ನು ಕೈಯಿಂದ ಮುರಿದು, ತೆನೆಯನ್ನು ಬಯಲಲ್ಲಿ ರಾಶಿ ಹಾಕಿದ್ದಳು. ಮುಧೋಳದ ಕಡೆ ಮೋಡ ಕಪ್ಪಾಗುತ್ತಿತ್ತು.

ಅಷ್ಟರಲ್ಲಿ ರಾವಸಾಹೇಬರ ಬೈಕು ಬದುವಿಗೆ ಬಂದು ನಿಂತಿತು.

"ಅಕ್ಕಮ್ಮಾ, ಮಷಿನ್ ಎತ್ತು. ಸಾವಳಗಿಗಿ ಹೋಗಬೇಕು. ಬೀಗರಿಗಿ ಮಾತು ಕೊಟ್ಟೇನಿ. ಮೋಡ ಆಗಾಕತ್ತೈತಿ."

"ಮೋಡ ಸಾವಳಗಿಗಷ್ಟ ಆಗೈತೇನ್ರಿ ಭಾವಾರ? ಇದು ನಂದಾನ ಪಾಳಿ."

"ಇಕಿದು ಮುಕ್ಕಾಲ ಎಕರೆ. ಎಲ್ಲಿಗಿ ಓಡಿ ಹೊಕ್ಕೈತಿ?"

"ತುದಿ ಎರಡೂ ಮುರದೇನ್ರಿ ಸಾವಕಾರ್ರ," ಎಂದಳು ನಂದಾ. "ಮಳಿ ಬಂದ್ರ ಕೆಸರಿನ್ಯಾಗ ಮಷಿನ್ ಇಳಿಯೂದಿಲ್ಲ, ರಾಶಿ ತೆನೀನೂ ಮೊಳಕಿ ಒಡಿತಾವ್ರಿ."

ರಾವಸಾಹೇಬರು ಅವಳ ಕಡೆ ನೋಡಲಿಲ್ಲ. ಡ್ರೈವರ್ ಕಡೆ ತಿರುಗಿದರು. "ಲೇ ಅಂದಾನೆಪ್ಪಾ, ಚಾಲೂ ಮಾಡಲೇ."

"ಚಾವಿ ಅಕ್ಕಾರ ಹಂತ್ಯಾಕ ಐತ್ರಿ."

"ಕೊಡವಾ ಚಾವಿ."

"ಕೈ ಒಳಗ ಐತ್ರಿ ಭಾವಾರ."

"ಹೊರಗ ತಗಿ."

"ದಂಟು ಇನ್ನಾ ಐತ್ರಿ."

ದಂಟು ಇರಲಿಲ್ಲ. ಕಡೆಯ ಎಳೆಯನ್ನೂ ಅವಳು ಆಗಲೇ ಕಿತ್ತು ಕೆಳಗೆ ಬೀಳಿಸಿದ್ದಳು. ಕೈ ಮಾತ್ರ ಅಲ್ಲಿಯೇ ಇತ್ತು. ಭಾವ ಬಗ್ಗಿ ಇಣುಕಲು ನೋಡಿದರೆ ಹೆಗಲು ಅಡ್ಡ ಕೊಟ್ಟಳು.

"ಹಟಾ ಮಾಡಾಕತ್ತಿಯೇನು?"

"ಹೌದ್ರಿ."

"ನನ್ನ ಟ್ರ್ಯಾಕ್ಟರ್ ಬಿಚ್ಚಕೊಂಡ ಹೊಕ್ಕೇನಿ ನೋಡು."

"ಹೋಗ್ರಿ. ಬೀಗರ ಹೊಲದಾಗ ಬರೇ ಟ್ರ್ಯಾಕ್ಟರ್ ತಿರಗಿಸಿದ್ರ ತೆನಿ ಉದರತಾವೇನ ನೋಡ್ರಿ."

ಅಂದಾನೆಪ್ಪ ನಗು ಬಂದು ಆ ಕಡೆ ಮುಖ ಮಾಡಿದ.

ಹೊತ್ತು ಇಳಿಯುತ್ತಿತ್ತು. ಬಸದಿಗೆ ನಡೆದುಕೊಳ್ಳುವ ಜೈನ ಮನೆತನ ಅಕ್ಕಮ್ಮ, ರಾವಸಾಹೇಬರದು. ಸೂರ್ಯ ಮುಳುಗಿದ ಮೇಲೆ ಯಾರ ಬಾಯಿಗೂ ತುತ್ತು ಹೋಗುವುದಿಲ್ಲ. ಅಕ್ಕಮ್ಮನ ಬುತ್ತಿಯ ಗಂಟು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕಟ್ಟಿದಂತೆಯೇ ಇತ್ತು. ರಾವಸಾಹೇಬರು ಅದನ್ನು ನೋಡಿದರು, ಸೂರ್ಯನನ್ನು ನೋಡಿದರು.

"ಉಂಡಿಲ್ಲೇನು?"

"ಕೈ ಒಳಗ ಇಟಗೊಂಡು ಹೆಂಗ ಉಣ್ಲಿ? ಉಪಾಸ ಇರತೇನಿ. ನಿಮ್ಮ ಊಟ ನೋಡಕೋರಿ."

"ಮನ್ಯಾಗ ಇನ್ನೊಂದು ಚಾವಿ ಐತಿ. ತರತೇನಿ."

"ತರ್ರಿ," ಅಕ್ಕಮ್ಮ ತಿರುಗಿ ಅವರ ಮುಖವನ್ನೇ ನೋಡಿದಳು. "ನನ್ನ ಕೈ ಇಲ್ಲೇ ಇರತೈತಿ. ಆದ್ರ ಚಾಲೂ ಮಾಡಾವ್ರು ನೀವ ಆಗಬೇಕು. ಅಂದಾನೆಪ್ಪಗ ಹಚ್ಚಬ್ಯಾಡ್ರಿ."

ಮಷಿನ್ನಿನ ತಗಡಿನ ಮೇಲೆ ರಾವಸಾಹೇಬರ ಬಲಗೈ ಇತ್ತು, ಮೂರು ಬೆರಳಿನದು. ಅವರು ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಜೇಬಿಗೆ ಇಳಿಸಿದರು. ಆಮೇಲೆ ಎಡಗೈಯಿಂದ ಫೋನು ತೆಗೆದರು.

"ಬೀಗರ, ಮಷಿನ್ ನಾಳೆ ಮುಂಜಾನಿ ಬರತೈತ್ರಿ... ಇಲ್ರಿ, ಈಗ ಆಗೂದಿಲ್ಲ. ದಂಟು ಸಿಕ್ಕೈತಿ. ಭಾಳ ಗಟ್ಟಿ ದಂಟ್ರಿ."

ಅಕ್ಕಮ್ಮ ಕೈ ಹೊರಗೆಳೆದಳು. ಅಂಗೈಯಲ್ಲಿ ಗ್ರೀಸ್ ಬಿಟ್ಟರೆ ಏನೂ ಇರಲಿಲ್ಲ. ಭಾವ ನೋಡಿದರು. ಅವಳು ಮುಚ್ಚಿಕೊಳ್ಳಲಿಲ್ಲ.

ಮಣ್ಣು ಹಚ್ಚಿ ಕೈ ತೊಳೆದು ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ಪಲ್ಯೆ ಹಾಕಿ ಭಾವನ ಕಡೆ ಚಾಚಿದಳು. "ಹಿಡೀರಿ, ಹೊತ್ತು ಇನ್ನಾ ಐತಿ." ಸೂರ್ಯ ಗೋವಿನಜೋಳದ ತುದಿಯ ಸೂಲಂಗಿಗೆ ತಾಗುವ ಮೊದಲೇ ಇಬ್ಬರೂ ನೀರು ಕುಡಿದು ಮುಗಿಸಿದ್ದರು.

ಎಲ್ಲರನ್ನೂ ಹಿಂದೆ ಸರಿಸಿ, ಮುಚ್ಚಳ ಹಾಕಿ, ಅಕ್ಕಮ್ಮ ಉಡಿಯಿಂದ ಚಾವಿ ತೆಗೆದು ಅಂದಾನೆಪ್ಪನಿಗೆ ಕೊಟ್ಟಳು. ಮಷಿನ್ನು ಗುಡುಗಿ ಎದ್ದಿತು. ತೆನೆಗಳು ದಬದಬ ಬೀಳತೊಡಗಿದವು. ನಂದಾ ತನ್ನ ರಾಶಿಗೆ ತಾಡಪತ್ರಿ ಹೊದಿಸಲು ಓಡಿದಳು.

ಸೋತ ಮನುಷ್ಯ ಏನಾದರೂ ಅನ್ನಲೇಬೇಕಲ್ಲ. ರಾವಸಾಹೇಬರು ಸದ್ದಿನ ಮೇಲೆ ಕೂಗಿದರು: "ರೋಲರಿಗಿ ಗ್ರೀಸ್ ಬಿಟ್ಟೀಯೋ ಇಲ್ಲೋ?"

"ಮತ್ತ ಇಷ್ಟೊತ್ತು ಒಳಗ ಏನ ಮಾಡಾಕತ್ತಿದ್ದೆ ಅಂದಕೊಂಡ್ರಿ?" ಎಂದು ಅಕ್ಕಮ್ಮನೂ ಕೂಗಿದಳು.